ಪದ ಬೇಕು (ತುರ್ತು): ಬ್ರೌಸರ್‌ನಲ್ಲಿ ಬರುವ ಸುಳ್ಳು ವೈರಸ್ ಎಚ್ಚರಿಕೆಗೆ

ಶಿರಸಿಯಿಂದ:
ನಮಸ್ಕಾರ. ನಮ್ಮ ಸಂಘದ ಕಚೇರಿಯಲ್ಲಿ ಸದಸ್ಯರಿಗೆಂದೇ ಒಂದು ಕಂಪ್ಯೂಟರ್ ಇದೆ. ಪಹಣಿ ತೆಗೆಯುವುದು, ಅಡಿಕೆಯ ಚಾಲಿ, ರಾಶಿ ದರ ನೋಡುವುದು ಎಲ್ಲ ಅದರಲ್ಲೇ. ಈಗ ಹೊಸ ಕಾಟ ಶುರುವಾಗಿದೆ. ಪರದೆ ತುಂಬ ಕೆಂಪಾಗಿ 'ವೈರಸ್ ತಗುಲಿದೆ, ಕೂಡಲೇ ಈ ನಂಬರಿಗೆ ಕರೆ ಮಾಡಿ' ಅಂತ ಬರುತ್ತದೆ, ಜೊತೆಗೆ ಕಿವಿ ಕೊರೆಯುವ ಸದ್ದು. ಅಸಲಿಗೆ ಅದು ಬರೀ ಒಂದು ವೆಬ್ ಪುಟ. ಪಕ್ಕದ ಗೋಡೆಗೆ ಒಂದು ಸೂಚನೆ ಅಂಟಿಸಬೇಕು. ಹುಸಿ ಎಚ್ಚರಿಕೆ ಅನ್ನಲೋ, ನಕಲಿ ಎಚ್ಚರಿಕೆ ಅನ್ನಲೋ? ಪಾಪ್-ಅಪ್‌ಗೆ ಏನು? ಸಂಜೆಯೊಳಗೆ ಲ್ಯಾಮಿನೇಷನ್ ಅಂಗಡಿಗೆ ಕೊಡಬೇಕು, ಬೇಗ ಹೇಳಿ.

ಕುಮಟಾದಿಂದ:
ಹುಸಿ. ಇದರಲ್ಲಿ ಕೇಳುವುದೇನಿದೆ? ಹಳಗನ್ನಡದ ಪುಸಿ, ಪಕಾರ ಹಕಾರವಾಗಿದೆ. ನಕಲಿ ಅರಬ್ಬಿ ಮೂಲದ್ದು, ಬೇಡ.

ನನ್ನ ತಕರಾರಿರುವುದು 'ಎಚ್ಚರಿಕೆ'ಯ ಮೇಲೆ. ಎಚ್ಚರ ಅಂದರೆ ಎೞ್ಚರ್. ೞ ಅನ್ನುವ ಹಳೆಯ ರಳಾಕ್ಷರ ಬಿಟ್ಟುಹೋದ ಮೇಲೆ ಜನಕ್ಕೆ ಅದರ ನಂಟು 'ಏಳು' ಜೊತೆಗೆ ಅನ್ನುವುದೇ ಮರೆತುಹೋಗಿದೆ. ಮಲಗಿದವನನ್ನು ಎಬ್ಬಿಸುವ ಪದ ಅದು. ಇಲ್ಲಿ ಯಾರೂ ಯಾರನ್ನೂ ಎಬ್ಬಿಸುತ್ತಿಲ್ಲ, ಹೆದರಿಸುತ್ತಿದ್ದಾರೆ. ಹಾಗಾಗಿ 'ಹುಸಿಬೆದರಿಕೆ' ಅನ್ನಿ. ಪಾಪ್-ಅಪ್‌ಗೆ 'ಪುಟಿಕಿಂಡಿ'. ಪುಟಿದು ಬರುವ ಕಿಂಡಿ. ಬೇಕಾದರೆ ತಪ್ಪು ಹುಡುಕಿ.

ಯಲ್ಲಾಪುರದಿಂದ:
ಮಾಸ್ತರ್ರೇ, ಹುಸಿಬೆದರಿಕೆ ಅಂತ ಗೋಡೆಗೆ ಅಂಟಿಸಿದರೆ ಸಂಘಕ್ಕೆ ಬಾಂಬ್ ಕರೆ ಬಂದಿದೆ ಅಂದುಕೊಂಡು ಜನ ಹೊರಗೆ ಓಡುತ್ತಾರೆ. ಪೇಪರಿನವರು ಆ ಪದವನ್ನು ಅದಕ್ಕೇ ಮೀಸಲಿಟ್ಟಾಗಿದೆ. ಇನ್ನು ಕಿಂಡಿ ಅಂದರೆ ನಮ್ಮ ಕಡೆ ಕಿಂಡಿ ಅಣೆಕಟ್ಟು ಮಾರಾಯ್ರೆ. ಅದು ಪುಟಿದರೆ ತೋಟ ಉಳಿದೀತಾ?

ನಕಲಿಯೇ ಸರಿ. ನಕಲು ಅಂದರೆ ಪ್ರತಿ, ಅಲ್ವಾ? ವಿಂಡೋಸ್‌ನ ಬಣ್ಣ, ಲೋಗೋ, ಸ್ಕ್ಯಾನ್ ಆಗುತ್ತಿರುವಂತೆ ಓಡುವ ಪಟ್ಟಿ, ಎಲ್ಲ ಇದ್ದ ಹಾಗೇ ನಕಲು ಹೊಡೆದಿರುತ್ತಾರೆ, ಒಂದು ಫೋನ್ ನಂಬರ್ ಮಾತ್ರ ತಮ್ಮದು ಸೇರಿಸುತ್ತಾರೆ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ನಂಬರ್ ಇರುವುದೇ ಇಲ್ಲ. ಹುಸಿ ಅಂದರೆ ಬರೀ ಸುಳ್ಳು. ಈ ವೇಷ ಅದರಲ್ಲಿ ಬರುವುದಿಲ್ಲ.

ಶಿರಸಿಯವರೇ, ಪದ ಯಾವುದಾದರೂ ಇರಲಿ, ಏನು ಮಾಡಬೇಕು ಅಂತ ಜಾಸ್ತಿ ಬರೆಯಿರಿ. ಎಸ್ಕೇಪ್ ಕೀ ಒತ್ತಿ ಹಿಡಿದರೆ ಸಾಮಾನ್ಯವಾಗಿ ಫುಲ್ ಸ್ಕ್ರೀನ್ ಬಿಟ್ಟುಕೊಡುತ್ತದೆ. ಇಲ್ಲದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರ್ ಮುಚ್ಚಿ. ಮತ್ತೆ ತೆರೆದಾಗ 'ಹಳೇ ಪುಟಗಳನ್ನು ತರಲೇ' ಅಂತ ಕೇಳಿದರೆ ಬೇಡ ಅನ್ನಿ. ಪದೇ ಪದೇ ಮೂಲೆಯಲ್ಲಿ ಬರುತ್ತಿದ್ದರೆ ಯಾರೋ 'ನೀವು ರೋಬಾಟ್ ಅಲ್ಲವೆಂದು ತೋರಿಸಲು ಅಲೋ (Allow) ಒತ್ತಿ' ಅನ್ನುವುದನ್ನು ನಂಬಿ ಒತ್ತಿದ್ದಾರೆ. ಕ್ರೋಮ್‌ನ ಸೈಟ್ ಸೆಟ್ಟಿಂಗ್ಸ್ ಒಳಗೆ ನೋಟಿಫಿಕೇಶನ್ಸ್‌ಗೆ ಹೋಗಿ ಆ ಸೈಟನ್ನು ತೆಗೆದುಹಾಕಿ. ನೋಟಿಫಿಕೇಶನ್‌ಗೆ 'ಅಧಿಸೂಚನೆ' ಅಂತ ಮಾತ್ರ ಬರೆಯಬೇಡಿ. ಅಧಿಸೂಚನೆ ಹೊರಡಿಸುವುದು ಸರ್ಕಾರ, ಅದು ಬರುವುದು ರಾಜ್ಯಪತ್ರದಲ್ಲಿ.

ಕುಮಟಾದಿಂದ:
ಅಧಿಸೂಚನೆ ಸಂಸ್ಕೃತ. ನಾನೆಲ್ಲಿ ಬರೆಯಿರಿ ಅಂದೆ? ಅಲೋ, ಸೆಟ್ಟಿಂಗ್ಸ್, ಟಾಸ್ಕ್ ಮ್ಯಾನೇಜರ್ ಅಂತೀರಿ, ಆಮೇಲೆ ಕಿಂಡಿ ಅಂದರೆ ನಗುತ್ತೀರಿ. ಇದಕ್ಕೇ ಕನ್ನಡ ಈ ಗತಿಗೆ ಬಂದಿದ್ದು.

ಕಾರವಾರದಿಂದ:
ಯಾವ ಗತಿ ಮಾಸ್ತರ್ರೇ? ನೀವೂ ನಾವೂ ತಿನ್ನುವ ಬಟಾಟೆ ಪೋರ್ಚುಗೀಸರದ್ದು, ತಿಂಗಳಿಗೆ ಎಣಿಸುವ ಪಗಾರ ಅವರದ್ದು, ಬಾಗಿಲಿನ ಚಾವಿಯೂ ಅವರದ್ದೇ. ಇಲ್ಲಿ ಕೊಂಕಣಿ, ಮರಾಠಿ, ಕನ್ನಡ ಒಂದೇ ಮೀನುಪೇಟೆಯಲ್ಲಿ ಚೌಕಾಸಿ ಮಾಡುತ್ತವೆ, ಯಾವ ಭಾಷೆಯೂ ಮುಳುಗಿಲ್ಲ. ಸ್ಕ್ರೀನ್ ಮೇಲೆ ಏನು ಬರೆದಿದೆಯೋ ಅದನ್ನೇ ಸೂಚನೆಯಲ್ಲಿ ಬರೆಯಬೇಕು. ಬಟನ್ ಮೇಲೆ ಅಲೋ ಅಂತ ಇದ್ದರೆ ನೀವು 'ಒಪ್ಪು ಗುಂಡಿ' ಅಂತ ಬರೆದು ಯಾರಿಗೆ ಉಪಕಾರ? ಓದಿದವರು ಗುಂಡಿ ಹುಡುಕುತ್ತಾ ಕೂರುತ್ತಾರೆ, ಅಷ್ಟರಲ್ಲಿ ಆ ನಂಬರಿಗೆ ಫೋನ್ ಹೋಗಿರುತ್ತದೆ, ಆ ಕಡೆಯವನು ದೂರದಿಂದಲೇ ಕಂಪ್ಯೂಟರ್ ನಡೆಸುವ ಎನಿಡೆಸ್ಕ್ ಹಾಕಿಸಿಕೊಂಡು ಒಳಗೆ ಬಂದಿರುತ್ತಾನೆ.

ಶಿರಸಿಯಿಂದ:
ಎಲ್ಲರಿಗೂ ಧನ್ಯವಾದ. ಇಷ್ಟು ಬರೆದು ಅಂಗಡಿಗೆ ಕಳಿಸಿದ್ದೇನೆ: 'ನಕಲಿ ವೈರಸ್ ಎಚ್ಚರಿಕೆ ಬಂದರೆ ಹೆದರಬೇಡಿ. ಅದರಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ. ಏನನ್ನೂ ಒತ್ತದೆ ಸಿಬ್ಬಂದಿಯನ್ನು ಕರೆಯಿರಿ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.' ಪಾಪ್-ಅಪ್ ಅನ್ನುವ ಪದವೇ ಬೇಕಾಗಲಿಲ್ಲ. ಎಸ್ಕೇಪ್, ಅಲೋ ವಿಷಯ ನಮ್ಮ ಹುಡುಗರಿಗೆ ಬಾಯಲ್ಲೇ ಹೇಳಿಕೊಟ್ಟಿದ್ದೇನೆ.

ಕುಮಟಾದಿಂದ:
ಚಾವಿ ಕಾರವಾರದವರೇ ಇಟ್ಟುಕೊಳ್ಳಲಿ, ನಮ್ಮಲ್ಲಿ ಬೀಗದ ಕೈ ಇದೆ. ಶಿರಸಿಯವರು ಲ್ಯಾಮಿನೇಷನ್ ಮಾಡಿಸಿದ್ದು ಮಾಡಿಸಿಯಾಯಿತು. ಮುಂದಿನ ಸಲಕ್ಕಾದರೂ ಆ 'ಎಚ್ಚರಿಕೆ' ತೆಗೆಯಿರಿ. ಎೞ್ಚರ್ ಬಗ್ಗೆ ನಾನು ಹೇಳಿದ್ದಕ್ಕೆ ಒಬ್ಬರೂ ಉತ್ತರ ಕೊಟ್ಟಿಲ್ಲ.