ರಾತ್ರಿ ರೈಲಿನಲ್ಲಿ ಪುಟ್ಟ ಮಕ್ಕಳು: ಮಕ್ಕಳ ಡಾಕ್ಟರನ್ನು ಕೇಳಿ

ಪ್ರಶ್ನೆ (ಒಬ್ಬ ತಾಯಿ, ಮಂಡ್ಯ):

ನಮಸ್ಕಾರ ಡಾಕ್ಟ್ರೇ. ಬರೋ ತಿಂಗಳು ಗೋಲ್‌ಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ಪಂಢರಾಪುರಕ್ಕೆ ಹೊರಟಿದ್ದೀವಿ, ನಮ್ಮತ್ತೆಯವರ ಹರಕೆ ಇದೆ. ನಾನು, ಯಜಮಾನ್ರು, ಅತ್ತೆ, ಐದು ತುಂಬಿದ ಮಗಳು, ಹದಿನಾಲ್ಕು ತಿಂಗಳ ಮಗ. ಸ್ಲೀಪರ್ ಬುಕ್ ಮಾಡೋಣ ಅಂತಿದ್ದೀವಿ. ನನ್ನ ಮಗ ಹೊಸ ಜಾಗದಲ್ಲಿ ಕಣ್ಣೇ ಮುಚ್ಚಲ್ಲ. ಪಕ್ಕದ ಮನೆಯವರು, "ಅರ್ಧ ಚಮಚ ನೆಗಡಿ ಸಿರಪ್ ಹಾಕಿಬಿಡಿ, ಬೆಳಗ್ಗೆವರೆಗೂ ಏಳಲ್ಲ" ಅಂದ್ರು. ಅವ್ರ ಮಗೂಗೂ ಹಂಗೇ ಮಾಡಿದ್ರಂತೆ. ಕೊಡಬಹುದಾ? ಹಾಲು, ಊಟಕ್ಕೆ ಏನು ಮಾಡ್ಲಿ? ಮಕ್ಕಳಿಗೂ ಟಿಕೆಟ್ ತಗೋಬೇಕಾ?

ಉತ್ತರ (ಮಕ್ಕಳ ತಜ್ಞರು, ಮೈಸೂರು):

ಸಿರಪ್ ಬೇಡವೇ ಬೇಡಮ್ಮ. ನಿದ್ದೆ ಬರಿಸುತ್ತದೆ ಎಂದು ಜನ ಕೊಡುವ ಪ್ರೊಮೆಥಜಿನ್ ಅನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡುವಂತೆಯೇ ಇಲ್ಲ, ಉಸಿರಾಟ ಕುಗ್ಗಿಬಿಡಬಹುದು. ಕ್ಲೋರ್‌ಫೆನಿರಮಿನ್ ಜೊತೆ ಫಿನೈಲೆಫ್ರಿನ್ ಸೇರಿದ ನೆಗಡಿ ಸಿರಪ್‌ಗಳನ್ನು ನಾಲ್ಕು ವರ್ಷದೊಳಗಿನವರಿಗೆ ಬಳಸಬಾರದೆಂದು ಬಾಟಲಿ ಮೇಲೇ ಅಚ್ಚು ಹಾಕಿಸಲು ಔಷಧ ನಿಯಂತ್ರಕರು 2023ರಲ್ಲಿ ಆದೇಶಿಸಿದ್ದಾರೆ. 2025ರ ಅಕ್ಟೋಬರ್‌ನಲ್ಲಂತೂ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿ ಸಿರಪ್ ಬರೆಯಲೇಬೇಡಿ ಎಂದು ಕೇಂದ್ರ ಆರೋಗ್ಯ ಇಲಾಖೆಯಿಂದ ಸೂಚನೆ ಬಂತು. ಸಾಲದ್ದಕ್ಕೆ, ಕೆಲವು ಮಕ್ಕಳಿಗೆ ಈ ಔಷಧಿ ಉಲ್ಟಾ ಹೊಡೆಯುತ್ತದೆ, ರಾತ್ರಿಯಿಡೀ ಕುಣಿಯುತ್ತವೆ. ಪಕ್ಕದ ಮನೆ ಮಗುವಿಗೆ ಏನೂ ಆಗಲಿಲ್ಲ ಅಂದರೆ ಅದು ಅವರ ಪುಣ್ಯ.

ನಿದ್ದೆಗೆ ಬೇಕಾದ್ದು ಕೆಳಗಿನ ಬರ್ತ್. ಅದು ಸಿಕ್ಕರೆ ಅರ್ಧ ಗೆದ್ದ ಹಾಗೆ. ಮಗ ಗೋಡೆ ಕಡೆ, ನೀವು ಹೊರಗಡೆ. ನಿಮ್ಮ ತಲೆ ಮೇಲಿನ ಮಧ್ಯದ ಬರ್ತ್ ಯಜಮಾನರದ್ದೇ ಆಗಿದ್ದರೆ ಇನ್ನೂ ಒಳ್ಳೇದು. ಮಧ್ಯದ ಬರ್ತ್ ಬಿಚ್ಚುವ ಹೊತ್ತು ರಾತ್ರಿ ಹತ್ತರಿಂದ ಬೆಳಗ್ಗೆ ಆರು, ಅಲ್ಲಿಯವರೆಗೆ ಆ ಬರ್ತ್‌ನವರು ಕೆಳಗಿನ ಬರ್ತ್‌ನಲ್ಲೇ ಕೂತಿರುತ್ತಾರೆ. ಮಗು ಎಂಟಕ್ಕೇ ತೂಕಡಿಸಿದರೆ "ಸ್ವಲ್ಪ ಜರುಗಿ ಸಾರ್" ಅಂತ ಅಪರಿಚಿತರ ಹತ್ತಿರ ಗೋಗರೆಯುವುದು ತಪ್ಪುತ್ತದೆ. ಮಗಳು ಅಜ್ಜಿಯ ಜೊತೆ ಇನ್ನೊಂದು ಕೆಳಗಿನ ಬರ್ತ್‌ನಲ್ಲಿ ಮಲಗಲಿ, ಮೇಲಿನ ಬರ್ತ್ ಅವಳಿಗೆ ಬೇಡ. ಎಷ್ಟು ಹಟ ಮಾಡಿದರೂ ಬೇಡ. ಸೈಡ್ ಬರ್ತ್ ಆದಷ್ಟು ತಪ್ಪಿಸಿ, ಓಡಾಡುವವರ ಚೀಲವೆಲ್ಲ ಮಗುವಿನ ತಲೆಗೇ ತಗಲುತ್ತದೆ. ಮನೆಯಲ್ಲಿ ಮಗ ಹೊದ್ದುಕೊಳ್ಳುವ ಹಳೇ ಸೀರೆಯನ್ನು ಒಗೆಯದೇ ತೆಗೆದುಕೊಂಡು ಹೋಗಿ. ಆ ವಾಸನೆ ಮಾಡುವ ಕೆಲಸವನ್ನು ಯಾವ ಸಿರಪ್ಪೂ ಮಾಡದು.

ಸ್ಲೀಪರ್‌ನಲ್ಲಿ ಕೂತ ತಕ್ಷಣ ಕಿಟಕಿ ಶಟರನ್ನು ಕೈಯಿಂದ ಅಲ್ಲಾಡಿಸಿ ನೋಡಿ. ಎತ್ತಿಟ್ಟ ಶಟರಿನ ಕೊಂಡಿ ಒಂದು ಕಡೆ ಮಾತ್ರ ಸಿಕ್ಕಿಕೊಂಡಿದ್ದರೆ ಗಾಡಿ ಜಗ್ಗಿದಾಗ ಧಡ್ ಅಂತ ಕೆಳಗೆ ಬೀಳುತ್ತದೆ. ಅಲ್ಲಿ ಪುಟ್ಟ ಬೆರಳಿದ್ದರೆ ಜಜ್ಜಿಹೋಗುತ್ತದೆ.

ಹಾಲು ಕಾಯಿಸಿ ಫ್ಲಾಸ್ಕ್‌ಗೆ ಹಾಕಬೇಡಿ. ಬೆಚ್ಚಗೆ ಗಂಟೆಗಟ್ಟಲೆ ಇಟ್ಟ ಹಾಲಿನಲ್ಲಿ ರೋಗಾಣು ಬೆಳೆಯುತ್ತವೆ. ಫ್ಲಾಸ್ಕ್‌ನಲ್ಲಿ ಕುದಿಸಿದ ಬಿಸಿನೀರು, ಬೇರೆ ಡಬ್ಬಿಯಲ್ಲಿ ಹಾಲಿನ ಪುಡಿ ಇಟ್ಟುಕೊಂಡು ಬೇಕಾದಾಗ ಕಲಸಿ, ಉಳಿದದ್ದು ಚೆಲ್ಲಿ. ಎದೆಹಾಲು ಕುಡಿಯುತ್ತಿದ್ದರೆ ಈ ಪಾಡೇ ಇಲ್ಲ. ಹುರಿದ ರಾಗಿ ಹಿಟ್ಟನ್ನು ಮನೆಯಲ್ಲೇ ಬೇಯಿಸಿ ರಾಗಿ ಸರಿ (ಗಂಜಿ) ಮಾಡಿಕೊಂಡು ಹೋದರೆ ಮೊದಲ ಊಟಕ್ಕೆ ಮಾತ್ರ. ಆಮೇಲೆ ಏಲಕ್ಕಿ ಬಾಳೆಹಣ್ಣು, ಇಡ್ಲಿ, ಮೆತ್ತನೆ ಚಪಾತಿ. ಮದ್ದೂರು ವಡೆ ಬುಟ್ಟಿ ಬಂದಾಗ ಮಗಳಿಗೆ ಒಂದು ಚೂರು ಕೊಡಿ, ಪಾಪ. ಆದರೆ ಕಡಲೆಕಾಯಿ ಬೀಜ, ಹುರಿಗಡಲೆ, ಬಟಾಣಿ ಮಗನ ಕೈಗೆ ಸಿಗಲೇಬಾರದು. ಗಾಡಿ ಅಲ್ಲಾಡುವಾಗ, ನಗುವಾಗ, ಅಳುವಾಗ ಅರ್ಧ ಬೀಜ ಶ್ವಾಸನಾಳಕ್ಕೆ ಜಾರಿದರೂ ಆಸ್ಪತ್ರೆಯಲ್ಲಿ ದುರ್ಬೀನು ಹಾಕಿ ತೆಗೆಯಬೇಕಾಗುತ್ತದೆ. ಪಕ್ಕದ ಸೀಟಿನ ಅಜ್ಜಂದಿರು ಪ್ರೀತಿಯಿಂದ ಕೊಡುವುದು ಅದನ್ನೇ. ಬೇಜಾರು ಮಾಡಿಕೊಂಡರೂ ಪರವಾಗಿಲ್ಲ, ಬೇಡ ಅನ್ನಿ.

ಜ್ವರಕ್ಕೆ ಪ್ಯಾರಸಿಟಮಾಲ್ ಇರಲಿ. ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಮಿಲಿಗೆ 100 ಮಿಲಿಗ್ರಾಂ, ಸಿರಪ್‌ನಲ್ಲಿ 5 ಮಿಲಿಗೆ 120 ಅಥವಾ 250. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಹಾಕಿದರೆ ಅನಾಹುತ. ಮಗನ ತೂಕಕ್ಕೆ ಎಷ್ಟು ಅಂತ ನಿಮ್ಮ ಡಾಕ್ಟರ ಹತ್ತಿರ ಕೇಳಿ ಬಾಟಲಿ ಮೇಲೇ ಬರೆದಿಟ್ಟುಕೊಳ್ಳಿ.

ಇನ್ನೊಬ್ಬರು (ಸರಸ್ವತಿಪುರಂ, ಮೈಸೂರು):

ಸಾರ್, ದಾರೀಲಿ ಭೇದಿ ಶುರುವಾದ್ರೆ? ಸ್ಟೇಷನ್‌ನಲ್ಲಿ ಸಿಗೋ ಓಆರ್‌ಎಸ್ ಜ್ಯೂಸ್ ಕೊಡಬಹುದಾ?

ಮಕ್ಕಳ ತಜ್ಞರು:

ಅದರಲ್ಲಿ ಸಕ್ಕರೆ ಜಾಸ್ತಿ, ಭೇದಿ ಇನ್ನೂ ಹೆಚ್ಚುತ್ತದೆ. ನಿಜವಾದ ಸೂತ್ರದ್ದಲ್ಲದ ಪಾನೀಯಕ್ಕೆ ಓಆರ್‌ಎಸ್ ಅನ್ನೋ ಹೆಸರೇ ಹಾಕಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರಲ್ಲಿ ಹೇಳಿತು. ಮೆಡಿಕಲ್‌ನಿಂದ ಪುಡಿ ಪ್ಯಾಕೆಟ್ ಒಯ್ಯಿರಿ. ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೆ. ಸೀಲ್ ಇರುವ ಲೀಟರ್ ಬಾಟಲಿ ಕೊಂಡು ಅದಕ್ಕೇ ಸುರಿದರೆ ಅಳತೆ ಸರಿಯಾಯಿತು. ಅರ್ಧ ಪ್ಯಾಕೆಟ್ ಅಂದಾಜಿನಲ್ಲಿ ಹಾಕಬೇಡಿ. ಮಗು ಮಂಕಾದರೆ, ಮೂತ್ರ ನಿಂತರೆ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ, ಮುಂದಿನ ನಿಲ್ದಾಣಕ್ಕೆ ಡಾಕ್ಟರನ್ನು ಕರೆಸುತ್ತಾರೆ. ಟಿಕೆಟ್ ವಿಷಯ ನಮ್ಮ ಈ ಗುಂಪಿನಲ್ಲೇ ಇರುವ ಟಿಟಿಇ (ರೈಲಿನ ಟಿಕೆಟ್ ತಪಾಸಕರು) ಸಾಹೇಬರೇ ಹೇಳಲಿ.

ನಿವೃತ್ತ ಟಿಟಿಇ (ಮೈಸೂರು):

ಐದರೊಳಗಿನ ಮಗೂಗೆ ಬರ್ತ್ ಬೇಡ ಅಂದ್ರೆ ದುಡ್ಡಿಲ್ಲ, ಬುಕ್ ಮಾಡುವಾಗ ಶಿಶು ಅಂತ ಹೆಸರು ಹಾಕಿ ಸಾಕು. ನಿಮ್ಮ ಮಗಳಿಗೆ ಐದು ತುಂಬಿದೆ. ಹನ್ನೆರಡರ ತನಕ ಬರ್ತ್ ಇಲ್ಲದೆ ಹೋದ್ರೆ ಅರ್ಧ ಟಿಕೆಟ್, ಬರ್ತ್ ಕೇಳಿದ್ರೆ ಪೂರ್ತಿ. 2016ರ ಏಪ್ರಿಲ್‌ನಿಂದ ಹೀಗೇ. ನನ್ನನ್ನು ಕೇಳಿದ್ರೆ ಪೂರ್ತಿ ಕೊಟ್ಟು ಬರ್ತ್ ತಗೊಳ್ಳಿ ತಾಯಿ. ಅತ್ತೆಯವರು ವಯಸ್ಸಾದವರು, ಮೊಮ್ಮಗಳ ಜೊತೆ ಇಕ್ಕಟ್ಟಿನಲ್ಲಿ ಇಡೀ ರಾತ್ರಿ ಕಳೀಬೇಕಾಗುತ್ತೆ. ನಾಲ್ಕು ಬರ್ತ್ ಇದ್ರೆ ಎರಡು ಕೆಳಗಿನದು, ಎರಡು ಮಧ್ಯದ್ದು ಹೊಂದಿಸಿಕೊಳ್ಳಬಹುದು. ಆನ್‌ಲೈನ್ ವೇಟಿಂಗ್ ಲಿಸ್ಟ್ ಕನ್ಫರ್ಮ್ ಆಗದಿದ್ರೆ ತಾನಾಗೇ ರದ್ದಾಗುತ್ತೆ, ಅದನ್ನ ನಂಬಿಕೊಂಡು ಮಕ್ಕಳನ್ನ ಕಟ್ಟಿಕೊಂಡು ಹತ್ತಬೇಡಿ. ಕೆಟಲ್ ತರಬೇಡಿ, ಬೋಗಿಯಲ್ಲಿ ನಿಷೇಧ. ಮೊಬೈಲ್ ಪ್ಲಗ್ ಕೂಡ ರಾತ್ರಿ ಹನ್ನೊಂದರಿಂದ ಬೆಳಗ್ಗೆ ಐದರವರೆಗೆ ಬಂದ್. ಡೈಪರ್ ಟಾಯ್ಲೆಟ್ಟಿಗೆ ಹಾಕಿದ್ರೆ ಬಯೋ ಟ್ಯಾಂಕ್ ಕಟ್ಟಿಕೊಂಡು ಇಡೀ ಬೋಗಿಗೆ ನಾತ. ಪೇಪರಲ್ಲಿ ಸುತ್ತಿ ಬುಟ್ಟಿಗೆ ಹಾಕಿ.

ಮಂಡ್ಯದಲ್ಲಿ ಗಾಡಿ ಜಾಸ್ತಿ ಹೊತ್ತು ನಿಲ್ಲಲ್ಲ. ಬೋಗಿ ಎಲ್ಲಿ ಬರುತ್ತೆ ಅಂತ ಮೊದಲೇ ವಿಚಾರಿಸಿ ಅಲ್ಲೇ ನಿಂತಿರಿ. ಮೊದಲು ಯಜಮಾನ್ರು ಹತ್ತಿ ಮಕ್ಕಳನ್ನ ಎತ್ತಿಕೊಳ್ಳಲಿ, ಆಮೇಲೆ ಅತ್ತೆ, ನೀವು. ಲಗೇಜು ಕೊನೆಗೆ. ಚೀಲ ಒಂದು ಪ್ಲಾಟ್‌ಫಾರಂನಲ್ಲೇ ಉಳಿದ್ರೂ ಯಾರೂ ಇಳಿಯಬೇಡಿ.