ಶೃಂಗೇರಿ, ಹೊರನಾಡು ಕಡೆ ನೆಟ್‌ವರ್ಕ್ ಇಲ್ಲದಿದ್ದಾಗ ಗೂಗಲ್ ಮ್ಯಾಪ್ಸ್ ಹೇಗೆ ಬಳಸೋದು?

ಯಲಹಂಕ_ಯಾತ್ರಿ:
ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಅಪ್ಪ ಅಮ್ಮನನ್ನು ಕರೆದುಕೊಂಡು ಕಾರಿನಲ್ಲಿ ಹೊರಟಿದ್ದೇವೆ. ಹಾಸನ, ಬೇಲೂರು, ಚಿಕ್ಕಮಗಳೂರು ಮೇಲೆ ಶೃಂಗೇರಿ. ಮಾರನೇ ದಿನ ಹೊರನಾಡು, ಆಮೇಲೆ ಕುದುರೆಮುಖ ದಾಟಿ ಕಾರ್ಕಳ. ಬೆಂಗಳೂರಲ್ಲಿ ನನಗೆ ಮ್ಯಾಪ್ ಅಂದರೆ ಇಷ್ಟೇ: ಹೆಸರು ಹೊಡೆಯೋದು, ಸ್ಟಾರ್ಟ್ ಒತ್ತೋದು, ನೀಲಿ ಗೆರೆ ಹಿಂದೆ ಹೋಗೋದು. ಆದರೆ ಆ ಕಡೆ ಅರ್ಧ ದಾರಿಗೆ ನೆಟ್ ಇರಲ್ಲ, ಮ್ಯಾಪ್ ನಂಬಿದರೆ ಯಾರದೋ ಕಾಫಿ ತೋಟದ ಗೇಟಿನ ಮುಂದೆ ನಿಲ್ಲಬೇಕಾಗುತ್ತೆ ಅಂತ ಆಫೀಸಲ್ಲಿ ಎಲ್ಲರೂ ಹೆದರಿಸುತ್ತಿದ್ದಾರೆ. ಹೊರಡುವ ಮೊದಲು ಫೋನಲ್ಲಿ ಏನೇನು ಮಾಡಿಕೊಳ್ಳಬೇಕು? ಮಳೆ ಬೇರೆ ಇನ್ನೂ ಪೂರ್ತಿ ಬಿಟ್ಟಿಲ್ಲ.

ಕೊಪ್ಪದ_ಕಾಫಿ:
ಮೊದಲು ಒಂದು ವಿಷಯ. ನೆಟ್ ಹೋದರೆ ಜಿಪಿಎಸ್ ಹೋಗುವುದಿಲ್ಲ. ನೀವು ಎಲ್ಲಿದ್ದೀರಿ ಅಂತ ಫೋನಿಗೆ ಗೊತ್ತಾಗೋದು ಉಪಗ್ರಹದ ಸಿಗ್ನಲ್‌ನಿಂದ, ಅದಕ್ಕೆ ಸಿಮ್ ಕೂಡ ಬೇಕಿಲ್ಲ. ಇಲ್ಲದೆ ಹೋಗೋದು ನಕ್ಷೆ. ಅದಕ್ಕೇ ಖಾಲಿ ಪರದೆ ಮೇಲೆ ನೀಲಿ ಚುಕ್ಕಿ ಒಂದೇ ಓಡುತ್ತಾ ಇರುತ್ತದೆ, ಸುತ್ತ ರಸ್ತೆನೇ ಇರಲ್ಲ.

ಆದ್ದರಿಂದ ಮನೇಲಿ ವೈಫೈ ಇರುವಾಗಲೇ ನಕ್ಷೆ ಇಳಿಸಿಕೊಳ್ಳಿ. ಬಲಗಡೆ ಮೇಲೆ ನಿಮ್ಮ ಫೋಟೋ ಒತ್ತಿ, ಆಫ್‌ಲೈನ್ ಮ್ಯಾಪ್ಸ್‌ಗೆ ಹೋಗಿ, ಸೆಲೆಕ್ಟ್ ಯುವರ್ ಓನ್ ಮ್ಯಾಪ್ ಒತ್ತಿದರೆ ಒಂದು ಚೌಕ ಬರುತ್ತದೆ. ಅದರೊಳಗೆ ಚಿಕ್ಕಮಗಳೂರಿಂದ ಕಾರ್ಕಳ, ಉಡುಪಿ ತನಕ ಬರುವ ಹಾಗೆ ಎಳೆದುಕೊಂಡು ಡೌನ್‌ಲೋಡ್ ಕೊಡಿ. ಬರೀ ಶೃಂಗೇರಿ ಸುತ್ತ ಇಳಿಸಿಕೊಂಡರೆ ಸಾಲದು, ದಾರಿ ತಪ್ಪೋದು ಊರಲ್ಲಿ ಅಲ್ಲ, ಎರಡು ಊರಿನ ಮಧ್ಯೆ. ಹಿಂದೆ ಯಾವಾಗಲೋ ಇಳಿಸಿದ್ದು ಇದ್ದರೆ ಒಂದು ಸಲ ನೋಡಿಕೊಳ್ಳಿ, ಅದಕ್ಕೆ ಅವಧಿ ಇರುತ್ತದೆ. 15 ದಿನ ಅಥವಾ ಅದಕ್ಕಿಂತ ಕಮ್ಮಿ ಬಾಕಿ ಇರುವಾಗ ವೈಫೈ ಸಿಕ್ಕರೆ ತಾನೇ ಅಪ್‌ಡೇಟ್ ಮಾಡಿಕೊಳ್ಳುತ್ತದೆ, ಇಲ್ಲದಿದ್ದರೆ ನೀವೇ ಮಾಡಬೇಕು.

ಆಫ್‌ಲೈನ್‌ನಲ್ಲಿ ಕಾರಿನ ದಾರಿ ಮಾತ್ರ ತೋರಿಸುತ್ತದೆ. ನಡೆದು ಹೋಗುವ ದಾರಿ, ಬಸ್ಸು, ಟ್ರಾಫಿಕ್, ಬದಲಿ ದಾರಿ ಯಾವುದೂ ಇಲ್ಲ. ಟ್ರಾಫಿಕ್ ಇಲ್ಲದಿದ್ದರೆ ಏನಂತೆ, ಅಲ್ಲಿರೋದೇ ನಾಲ್ಕು ಜೀಪು. ಬದಲಿ ದಾರಿ ತೋರಿಸದೇ ಇರೋದೇ ಕಷ್ಟ.

ಘಾಟಿ_ಸವಾರ:
ಮೇಲಿನವರು ಹೇಳಿದ್ದು ಸರಿ. ಆದರೆ ನೆಟ್ ಇದ್ದರೂ ಆ ಕಡೆ ತೊಂದರೆ ಕೊಡೋದು ಬೇರೆ, ಅದು ಮ್ಯಾಪ್ ದಾರಿ ಆರಿಸುವ ರೀತಿ. ಅದು ಬೇಗ ತಲುಪೋದನ್ನು ನೋಡುತ್ತದೆ, ರಸ್ತೆ ಹೇಗಿದೆ ಅಂತ ಅಷ್ಟಾಗಿ ನೋಡಲ್ಲ. ಮಲೆನಾಡಲ್ಲಿ ಎರಡು ಕಿಲೋಮೀಟರ್ ಉಳಿಸೋಕೆ ಹೋದರೆ ಎದುರಿಂದ ಒಂದು ಪಿಕಪ್ ಬಂದರೂ ಸಾಕು, ಯಾರಾದರೂ ಒಬ್ಬರು ತಿರುವಿನ ತನಕ ರಿವರ್ಸ್ ಹೋಗಬೇಕು.

ಸೆಟ್ಟಿಂಗ್ಸ್‌ನ ನ್ಯಾವಿಗೇಷನ್ ಒಳಗೆ ಪ್ರಿಫರ್ ಫ್ಯೂಯೆಲ್ ಎಫಿಶಿಯೆಂಟ್ ರೂಟ್ಸ್ ಅಂತ ಇದೆ, ಆಫ್ ಮಾಡಿ. ಅದು ಆನ್ ಇದ್ದರೆ ಪೆಟ್ರೋಲ್ ಕಮ್ಮಿ ಅಂತ ಬೇರೆ ದಾರಿ ಹಿಡಿಯುವ ಸಾಧ್ಯತೆ ಇದೆ. ಆಮೇಲೆ ಮೇಲ್ಗಡೆ ಕಾರಿನ ಚಿತ್ರ ಇದೆಯಾ ಬೈಕಿನ ಚಿತ್ರ ಇದೆಯಾ ಅಂತ ನೋಡಿ. ದಿನಾ ಸ್ಕೂಟರ್‌ನಲ್ಲಿ ಓಡಾಡುವವರ ಫೋನಲ್ಲಿ ಬೈಕೇ ಉಳಿದಿರುತ್ತದೆ. 2017ರಲ್ಲಿ ಈ ಬೈಕ್ ಮೋಡ್ ಮೊದಲು ಬಂದಿದ್ದೇ ನಮ್ಮ ದೇಶಕ್ಕೆ, ಕಾರು ನುಗ್ಗದ ಸಂದಿಯಲ್ಲೂ ಕರೆದುಕೊಂಡು ಹೋಗೋದೇ ಅದರ ಕೆಲಸ.

ಮುಖ್ಯವಾದದ್ದು ಇದು. ಬೆಂಗಳೂರಿಂದ ಶೃಂಗೇರಿಗೆ ಅಂತ ಒಂದೇ ಸಲ ಹೊಡೆಯಬೇಡಿ. ಮೂರು ಚುಕ್ಕಿ ಒತ್ತಿ ಆ್ಯಡ್ ಸ್ಟಾಪ್ ಕೊಟ್ಟು ಮಧ್ಯದ ಊರುಗಳನ್ನು ಸೇರಿಸಿ. ಚಿಕ್ಕಮಗಳೂರು, ಆಲ್ದೂರು, ಬಾಳೆಹೊನ್ನೂರು, ಜಯಪುರ, ಹೀಗೆ. 9 ಸ್ಟಾಪ್ ತನಕ ಹಾಕಬಹುದು. ಆಗ ಅದಕ್ಕೆ ಒಳದಾರಿ ಹುಡುಕೋಕೆ ಜಾಗ ಸಿಗಲ್ಲ. ಜಯಪುರ ಹಾಕುವಾಗ ಮಾತ್ರ ಜಿಲ್ಲೆ ನೋಡಿ ಆರಿಸಿ, ಮೈಸೂರು ಪಕ್ಕದಲ್ಲೂ ಒಂದು ಜಯಪುರ ಇದೆ. ನೆಟ್ ಇರುವ ಜಾಗದಲ್ಲೇ ಸ್ಟಾರ್ಟ್ ಒತ್ತಿ ಹೊರಡಿ. ಒಮ್ಮೆ ಶುರುವಾದ ದಾರಿ ಮಧ್ಯೆ ನೆಟ್ ಹೋದರೂ ಪರದೆ ಮೇಲೆ ಇರುತ್ತದೆ.

ಶೃಂಗೇರಿಯಿಂದ ಹೊರನಾಡಿಗೆ ಜಯಪುರ, ಬಸರೀಕಟ್ಟೆ ಕಡೆಯಿಂದಲೂ ಹೋಗಬಹುದು, ಕೆರೆಕಟ್ಟೆ, ಎಸ್.ಕೆ. ಬಾರ್ಡರ್ (ಹಳೇ ಸೌತ್ ಕೆನರಾ ಗಡಿ), ಕುದುರೆಮುಖ, ಕಳಸ ಅಂತ ಸುತ್ತಿಯೂ ಹೋಗಬಹುದು. ಎಸ್.ಕೆ. ಬಾರ್ಡರ್‌ನಲ್ಲಿ ದಾರಿ ಎರಡಾಗುತ್ತದೆ, ಒಂದು ಕುದುರೆಮುಖಕ್ಕೆ, ಇನ್ನೊಂದು ಘಾಟಿ ಇಳಿದು ಕಾರ್ಕಳಕ್ಕೆ. ಮಾರನೇ ದಿನ ಕಾರ್ಕಳಕ್ಕೆ ಅದೇ ಜಾಗಕ್ಕೆ ಬರಬೇಕು, ಹಾಗಾಗಿ ಅದನ್ನು ಈಗಲೇ ಸೇವ್ ಮಾಡಿಟ್ಟುಕೊಳ್ಳಿ.

ಹಳ್ಳಿಹೈದ_ಹಾಸನ:
ಇಷ್ಟೆಲ್ಲ ಯಾಕ್ರೀ? ಗ್ಲಾಸ್ ಇಳಿಸಿ ಯಾರನ್ನಾದರೂ ಕೇಳಿದರೆ ಆಯ್ತಪ್ಪ. ನಮ್ಮಪ್ಪ ಅಂಬಾಸಡರ್‌ನಲ್ಲಿ ಧರ್ಮಸ್ಥಳ, ಹೊರನಾಡು ಎಲ್ಲ ಸುತ್ತಿಸಿದ್ದು ಹೀಗೇ.

ಘಾಟಿ_ಸವಾರ:
@ಹಳ್ಳಿಹೈದ_ಹಾಸನ ಕೇಳೋಕೆ ಜನ ಸಿಗಬೇಕಲ್ಲ ಸ್ವಾಮಿ, ಕೆರೆಕಟ್ಟೆ ದಾಟಿದರೆ ಬರೀ ಕಾಡು. ಆದರೆ ಒಂದು ಮಾತು ಒಪ್ಪುತ್ತೇನೆ. ಕೇಳುವಾಗ "ಈ ದಾರಿ ಹೋಗುತ್ತಾ" ಅಂತ ಕೇಳಬೇಡಿ, ಎಲ್ಲ ದಾರಿನೂ ಎಲ್ಲಿಗಾದರೂ ಹೋಗುತ್ತದೆ. "ಇಲ್ಲಿ ಬಸ್ ಓಡಾಡುತ್ತಾ" ಅಂತ ಕೇಳಿ. ಬಸ್ ಹೋಗುವ ದಾರಿಯಲ್ಲಿ ನಿಮ್ಮ ಕಾರು ಆರಾಮಾಗಿ ಹೋಗುತ್ತದೆ. ಸ್ಯಾಟಲೈಟ್ ಚಿತ್ರದಲ್ಲಿ ನೋಡುತ್ತೇನೆ ಅಂದರೆ ಅಲ್ಲಿ ಅದು ನಡೆಯಲ್ಲ, ರಸ್ತೆ ಮೇಲೆ ಮರ ಕವಿದುಕೊಂಡು ಬರೀ ಹಸಿರು ಕಾಣುತ್ತದೆ.

ನಕ್ಷೆಹುಚ್ಚ:
ಇನ್ನೊಂದು ಆ್ಯಪ್ ಕೂಡ ಹಾಕಿಕೊಳ್ಳಿ, ಆರ್ಗ್ಯಾನಿಕ್ ಮ್ಯಾಪ್ಸ್. ಫ್ರೀ, ಜಾಹೀರಾತು ಇಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆ ಬಳಸುತ್ತದೆ. ಇಳಿಸಿಕೊಂಡ ಮೇಲೆ ಹುಡುಕೋದು, ದಾರಿ ತೋರಿಸೋದು ಎಲ್ಲ ನೆಟ್ ಇಲ್ಲದೆ, ನಡೆದು ಹೋಗುವ ದಾರಿಯೂ ಸೇರಿ. ಮಣ್ಣಿನ ದಾರಿಯನ್ನು ಟಾರ್ ರಸ್ತೆಗಿಂತ ಬೇರೆ ಥರ ಗೆರೆ ಹಾಕಿ ತೋರಿಸುತ್ತದೆ. ಗೂಗಲ್ ಒಂದು ಕಡೆ ತಿರುಗು ಅಂದಾಗ ಇದನ್ನೊಮ್ಮೆ ತೆಗೆದು ನೋಡಿ. ಅಂಗಡಿ, ಹೋಟೆಲ್ ಹುಡುಕೋಕೆ ಮಾತ್ರ ಗೂಗಲ್ಲೇ ಮೇಲು.

ಕೊಪ್ಪದ_ಕಾಫಿ:
ಮಳೆ ವಿಷಯ ಯಾರೂ ಹೇಳಲಿಲ್ಲ. ರಸ್ತೆ ಬಂದ್ ಆದದ್ದು ಮ್ಯಾಪ್‌ಗೆ ತಕ್ಷಣ ಗೊತ್ತಾಗುತ್ತದೆ ಅಂದುಕೊಳ್ಳಬೇಡಿ. ಆಗುಂಬೆ, ಚಾರ್ಮಾಡಿ, ಶಿರಾಡಿಯಲ್ಲಿ ಗುಡ್ಡ ಕುಸಿದರೆ ಜಿಲ್ಲಾಧಿಕಾರಿ ಆದೇಶ ಮೊದಲು ಬರೋದು ಪೇಪರ್‌ಗೆ, ವಾಟ್ಸಾಪ್‌ಗೆ. ಕಳಸ ಮತ್ತು ಹೊರನಾಡು ಮಧ್ಯೆ ಹೆಬ್ಬಾಳೆ ಸೇತುವೆ ಮೇಲೆ ಭದ್ರೆ ಹರಿದು ದಾರಿ ನಿಂತದ್ದು ಎಷ್ಟೋ ಸಲ. ಹೊರಡುವ ಬೆಳಿಗ್ಗೆ ಹೋಂಸ್ಟೇಯವರಿಗೆ ಒಂದು ಫೋನ್ ಹಾಕಿ. ಹಾಗೇ ಅವರಿಂದಲೇ ವಾಟ್ಸಾಪ್‌ನಲ್ಲಿ ಲೊಕೇಶನ್ ತರಿಸಿ ಸೇವ್ ಮಾಡಿ, ಹೆಸರು ಹೊಡೆದು ಹುಡುಕಬೇಡಿ.

ಕಾಡಿನ ರಸ್ತೆಗೆ ಹೊತ್ತಿನ ಕಟ್ಟುಪಾಡು ಇರುತ್ತದೆ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಬಿಡಲ್ಲ, ಎಲ್ಲರಿಗೂ ಗೊತ್ತು. ಕುದುರೆಮುಖದ ಕಾಡನ್ನೂ ಬೆಳಕಿರುವಾಗಲೇ ದಾಟಿಬಿಡಿ. ಮ್ಯಾಪ್ ತೋರಿಸುವ ಹೊತ್ತಿಗೆ ಒಂದು ಗಂಟೆ ಸೇರಿಸಿಕೊಳ್ಳಿ. ಆ ತಿರುವುಗಳಲ್ಲಿ ಹಿಂದೆ ಕೂತವರಿಗೆ ವಾಂತಿ ಬಂದರೆ ನಿಲ್ಲಿಸಲೇಬೇಕು ಅಲ್ವಾ.

ಯಲಹಂಕ_ಯಾತ್ರಿ:
ಎಲ್ಲರಿಗೂ ಥ್ಯಾಂಕ್ಸ್! ನಕ್ಷೆ ಇಳಿಸಿಕೊಂಡೆ, ಫ್ಯೂಯೆಲ್ ಆಪ್ಷನ್ ಆಫ್ ಮಾಡಿದೆ, ಸ್ಟಾಪ್ ಹಾಕಿದ ಮೇಲೆ ಗೆರೆ ನಿಜವಾಗಿಯೂ ಬದಲಾಯಿತು. ಒಂದೇ ಬಾಕಿ. ಮುಂದಿನ ಸೀಟಲ್ಲಿ ಅಪ್ಪ ಕೂರುತ್ತಾರೆ, ಆ ಇಂಗ್ಲಿಷ್ ಹೆಂಗಸು ನಮ್ಮ ಊರಿನ ಹೆಸರು ಹೇಳೋದು ಅವರಿಗೆ ಅರ್ಥವೇ ಆಗಲ್ಲ. ಕನ್ನಡದಲ್ಲಿ ಹೇಳಿಸಬಹುದಾ?

ನಕ್ಷೆಹುಚ್ಚ:
ಆಗುತ್ತದೆ. ಸೆಟ್ಟಿಂಗ್ಸ್, ನ್ಯಾವಿಗೇಷನ್, ವಾಯ್ಸ್ ಸೆಲೆಕ್ಷನ್, ಅಲ್ಲಿ ಕನ್ನಡ ಆರಿಸಿ. ಫೋನಿನ ಭಾಷೆ ಬದಲಿಸೋದು ಬೇಡ. ಮನೇಲಿ ನೆಟ್ ಇರುವಾಗಲೇ ಆರಿಸಿ, ಪಕ್ಕದ ಅಂಗಡಿ ತನಕ ಹೋಗಿ ಕೇಳಿ ನೋಡಿಬಿಡಿ. ಫೋನ್ ಹೋಲ್ಡರನ್ನು ಬಿಸಿಲು ಬೀಳುವ ಗಾಜಿನ ಹತ್ತಿರ ಇಡಬೇಡಿ, ಎಸಿ ಗಾಳಿ ಬರುವ ಕಡೆ ಸಿಕ್ಕಿಸಿ. ಚಾರ್ಜಿಗೆ ಹಾಕಿ ಮ್ಯಾಪ್ ಓಡಿಸಿದರೆ ಫೋನ್ ಜಾಸ್ತಿ ಬಿಸಿಯಾಗುತ್ತದೆ.