ಇಲಸ್ಟ್ರೇಟರ್‌ನಲ್ಲಿ ‘ಕಕ್ಕಬ್ಬೆ’ ಒಡೆಯುತ್ತಿದೆ, ಹಳೇ ಕಾಲದ ಸೆರಿಫ್ ಫಾಂಟ್ ಜೊತೆ ಕನ್ನಡ ಕೂರಿಸೋದು ಹೇಗೆ?

ಪ್ರಶ್ನೆ:
ನಮಸ್ಕಾರ. ಕಕ್ಕಬ್ಬೆಯಲ್ಲಿ ನಮ್ಮ ಚಿಕ್ಕಪ್ಪ ಜೇನು ಸಾಕುತ್ತಾರೆ. ಅವರ ಬಾಟಲಿಗೆ ಇಲಸ್ಟ್ರೇಟರ್ ಅನ್ನೋ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಲೇಬಲ್ ಮಾಡುತ್ತಿದ್ದೇನೆ. ‘ಕೂರ್ಗ್ ಹನಿ’ ಅಂತ ಇಂಗ್ಲಿಷ್‌ನಲ್ಲಿ ಒಂದು ಅಲಂಕಾರದ ಸೆರಿಫ್ ಫಾಂಟ್ (ಅಕ್ಷರದ ತುದಿಗಳಿಗೆ ಪುಟ್ಟ ಕಾಲು ಇರುವಂಥದ್ದು) ಹಾಕಿದೆ. ದಪ್ಪ ಕಾಲು, ಕೂದಲೆಳೆಯಂಥ ಗೆರೆ, ತುದಿಯಲ್ಲಿ ಸುರುಳಿ, ತುಂಬಾ ಚೆನ್ನಾಗಿ ಬಂತು. ಅದೇ ಫಾಂಟ್‌ನಲ್ಲಿ ಕನ್ನಡ ಟೈಪ್ ಮಾಡಿದರೆ ಬರೀ ಚೌಕ ಡಬ್ಬಿಗಳು. ಬೇರೆ ಯೂನಿಕೋಡ್ ಕನ್ನಡ ಫಾಂಟ್ ಹಾಕಿದರೆ ‘ಕಕ್‌ಕಬ್‌ಬೆ’ ಅಂತ ಬರುತ್ತಿದೆ. ವರ್ಡ್‌ನಲ್ಲಿ, ಮೊಬೈಲ್‌ನಲ್ಲಿ ಸರಿಯಾಗೇ ಇದೆ. ಊರಿನ ಹೆಸರೇ ತಪ್ಪಾಗಿ ಅಚ್ಚಾದರೆ ಚಿಕ್ಕಪ್ಪನ ಕೈಗೆ ಹೇಗೆ ಕೊಡಲಿ?

ಉತ್ತರ:
ವರ್ಡ್‌ನಲ್ಲಿ ಸರಿ ಇದೆ ಅಂದರೆ ಫಾಂಟ್ ಕೆಟ್ಟಿಲ್ಲ. ಪ್ರಿಫರೆನ್ಸಸ್‌ನಲ್ಲಿ ಟೈಪ್‌ಗೆ ಹೋಗಿ ‘ಶೋ ಇಂಡಿಕ್ ಆಪ್ಷನ್ಸ್’ ಟಿಕ್ ಮಾಡಿ. ಆಮೇಲೆ ಪದವನ್ನು ಸೆಲೆಕ್ಟ್ ಮಾಡಿ, ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೂಲೆಯ ಮೆನುವಿನಲ್ಲಿ ಸೌತ್ ಏಷ್ಯನ್ ಅಂತ ಇರುವ ಕಂಪೋಸರ್ (ಅಕ್ಷರ ಜೋಡಿಸುವ ವಿಧಾನ) ಆರಿಸಿ. ಈಗಾಗಲೇ ಟೈಪ್ ಮಾಡಿದ ಸಾಲು ತಾನಾಗೇ ಬದಲಾಗಲ್ಲ, ಪ್ರತಿ ಸಾಲಿಗೂ ಇದನ್ನು ಮಾಡಬೇಕು.

ಡಬ್ಬಿ ಬಂದದ್ದು ಆ ಇಂಗ್ಲಿಷ್ ಫಾಂಟ್‌ನಲ್ಲಿ ಕನ್ನಡ ಅಕ್ಷರಗಳೇ ಇಲ್ಲದ್ದಕ್ಕೆ. ಗೂಗಲ್ ಫಾಂಟ್ಸ್‌ನಲ್ಲಿ ಟೀರೋ ಕನ್ನಡ, ಬೆಣ್ಣೆ ಎರಡೂ ಉಚಿತವಾಗಿ ಸಿಗುತ್ತವೆ. ಎರಡನ್ನೂ ಹಾಕಿ ನೋಡಿ.

ಪ್ರಶ್ನೆ ಕೇಳಿದವರು:
ಒತ್ತು ಕೂತಿತು, ತುಂಬಾ ಥ್ಯಾಂಕ್ಸ್! ಆದರೆ ಇಂಗ್ಲಿಷ್ ಸಾಲಿನ ಅಗಲಕ್ಕೆ ಸರಿಹೋಗಲಿ ಅಂತ ಟ್ರ್ಯಾಕಿಂಗ್ (ಅಕ್ಷರಗಳ ನಡುವಿನ ಜಾಗ) 80 ಕೊಟ್ಟೆ, ಒತ್ತು ತನ್ನ ಅಕ್ಷರ ಬಿಟ್ಟು ಬಲಕ್ಕೆ ಸರಿಯಿತು. ಇನ್ನೊಂದು, ಕನ್ನಡಕ್ಕೂ ಆ ಸೆರಿಫ್ ಕಾಲುಗಳನ್ನು ಕೈಯಲ್ಲಿ ಸೇರಿಸಲಾ?

ಉತ್ತರ:
ಟ್ರ್ಯಾಕಿಂಗ್ ಸೊನ್ನೆ ಮಾಡಿ. ಒತ್ತು ಫಾಂಟ್ ಒಳಗೆ ಬೇರೆಯೇ ತುಂಡು, ಹಾಗಾಗಿ ಅದಕ್ಕೂ ಮೇಲಿನ ಅಕ್ಷರಕ್ಕೂ ನಡುವೆ ಜಾಗ ತುಂಬಿಬಿಡುತ್ತದೆ. ಅಗಲ ಬೇಕೇ ಬೇಕು ಅಂದರೆ ಔಟ್‌ಲೈನ್ ಮಾಡಿ (ಅಂದರೆ ಅಕ್ಷರಗಳನ್ನು ಚಿತ್ರದ ಆಕಾರಗಳಾಗಿ ಬದಲಿಸಿ), ಅಕ್ಷರವನ್ನೂ ಅದರ ಒತ್ತನ್ನೂ ಗ್ರೂಪ್ ಮಾಡಿ, ಕೈಯಲ್ಲೇ ಸರಿಸಿ.

ಕಾಲು ಮಾತ್ರ ದಯವಿಟ್ಟು ಸೇರಿಸಬೇಡಿ. ನಮ್ಮ ಅಕ್ಷರ ದುಂಡಗಿದೆ, ಅದಕ್ಕೆ ನಿಲ್ಲಲು ಕಾಲು ಬೇಡ. ಹಳೇ ಕಾಲದ ಗತ್ತು ತಲೆಕಟ್ಟಿನಲ್ಲಿ ಇರುತ್ತದೆ, ದಪ್ಪ-ಸಣ್ಣ ಗೆರೆಯ ಏರಿಳಿತದಲ್ಲಿ ಇರುತ್ತದೆ. ಮಂಗಳೂರಿನ ಬಾಸೆಲ್ ಮಿಷನ್ 1894ರಲ್ಲಿ ಹೊರತಂದ ಕಿಟ್ಟೆಲ್ ನಿಘಂಟಿನ ಸ್ಕ್ಯಾನ್ ಸಿಕ್ಕರೆ ಒಂದು ಪುಟ ದೊಡ್ಡದು ಮಾಡಿ ನೋಡಿ, ನನ್ನ ಮಾತು ಕಣ್ಣಿಗೇ ಕಾಣುತ್ತದೆ. ಸುರುಳಿ ಬೇಕಿದ್ದರೆ ಪದದ ಸುತ್ತ ಚೌಕಟ್ಟಿನಲ್ಲಿ ಹಾಕಿ. ಮತ್ತೆ, ಕಂದು ಕ್ರಾಫ್ಟ್ ಕಾಗದ ಆದರೆ ಇಂಗ್ಲಿಷ್‌ನ ಆ ಸಣ್ಣ ಗೆರೆಗಳು ಅಳಿಸಿಹೋಗಬಹುದು. ಅಕ್ಷರದ ಬಣ್ಣದ್ದೇ ತೆಳು ಸ್ಟ್ರೋಕ್ (ಅಂಚಿನ ಗೆರೆ) ಕೊಟ್ಟು, ನಿಜವಾದ ಅಳತೆಯಲ್ಲಿ ಒಂದು ಪ್ರಿಂಟ್ ತೆಗೆದು ನೋಡಿ.

ಪ್ರಶ್ನೆ ಕೇಳಿದವರು:
ನಿನ್ನೆ ಮಡಿಕೇರಿಯಲ್ಲಿ ಪ್ರಿಂಟ್ ತೆಗೆಸಿದೆ. ಬೆಣ್ಣೆ ಫಾಂಟ್ ಉಳಿಸಿಕೊಂಡೆ. ‘ಬ್ಬೆ’ಯ ಒತ್ತು ಕೆಳಗಿನ ಸಾಲಿನ ‘ಜೇನು’ ಪದದ ತಲೆಗೆ ತಾಗುತ್ತಿತ್ತು, ಲೆಡಿಂಗ್ (ಸಾಲುಗಳ ನಡುವಿನ ಅಂತರ) ಸ್ವಲ್ಪ ಜಾಸ್ತಿ ಮಾಡಿದ ಮೇಲೆ ಸರಿಯಾಯಿತು. ಇವತ್ತು ಒಂದು ಬಾಟಲಿಗೆ ಅಂಟಿಸಿ ಚಿಕ್ಕಪ್ಪನಿಗೆ ಕೊಟ್ಟೆ. ಮೊದಲು ಊರ ಹೆಸರನ್ನೇ ಓದಿದರು.